ಶಿಫ್ಟ್ ನಡುವೆ ಯಾರಾದರೂ ಕುಸಿದು ಬಿದ್ದರೆ ನಿಮ್ಮ ಕಾರ್ಖಾನೆಯಲ್ಲಿ ಏನು ಮಾಡುತ್ತೀರಿ?

ಪ್ರೆಸ್‌ಶಾಪ್ ಪೀಣ್ಯ (ಭಾನುವಾರ, ರಾತ್ರಿ 9:50)

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ತುಂಬ ಜನ ಇದ್ದೀರಿ. ನಿಮ್ಮ ಅನುಭವ ಬೇಕು.

ನಾನು ಪೀಣ್ಯದ ಒಂದು ಕಾರ್ಖಾನೆಯ ಪ್ರೆಸ್ ಶಾಪ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್. ಅವತ್ತು ಸೆಕೆಂಡ್ ಶಿಫ್ಟ್. ಸಂಜೆ ಏಳೂ ಕಾಲರ ಸುಮಾರಿಗೆ ಒಬ್ಬ ಆಪರೇಟರ್ ಮೆಷಿನ್ ನಿಲ್ಲಿಸಿ ಸ್ಟೂಲ್ ಮೇಲೆ ಕುಳಿತರು. ವಯಸ್ಸು 41. ಹನ್ನೊಂದು ವರ್ಷದಿಂದ ನನ್ನ ಜೊತೆ ಇದ್ದಾರೆ. ಹೋಗಿ ನೋಡಿದರೆ ಶರ್ಟ್ ಪೂರ್ತಿ ಬೆವರಿನಲ್ಲಿ ಒದ್ದೆ. 'ಎದೆ ಹಿಡಿದ ಹಾಗಿದೆ ಸಾರ್, ಎಡಗೈ ಸೆಳೀತಿದೆ' ಅಂದರು. ಸುತ್ತ ಇದ್ದವರೆಲ್ಲ ಗ್ಯಾಸ್ಟ್ರಿಕ್ ಅಂದರು. ನಾನೂ ಹಾಗೇ ಅಂದುಕೊಂಡೆ. ಸೋಡಾ ತರಿಸಿ ಕುಡಿಸಿದ್ದು ನಾನೇ.

ಹತ್ತು ನಿಮಿಷವಾದರೂ ಕಡಿಮೆ ಆಗಲಿಲ್ಲ. ನಮ್ಮ ಫಸ್ಟ್ ಏಡ್ ರೂಮಿಗೆ ಸಂಜೆ ಐದೂವರೆಗೆ ಬೀಗ ಬೀಳುತ್ತದೆ. ನರ್ಸ್ ಜನರಲ್ ಶಿಫ್ಟ್‌ಗೆ ಮಾತ್ರ. ಆಸ್ಪತ್ರೆಗೆ ಕಳಿಸೋಣ ಅಂದರೆ ಗೇಟ್ ಪಾಸ್‌ಗೆ ಮ್ಯಾನೇಜರ್ ಸಹಿ ಬೇಕು, ಅವರು ಫೋನ್ ತೆಗೆಯಲಿಲ್ಲ. ಕಂಪನಿ ಗಾಡಿ ಯಾರನ್ನೋ ಬಿಡಲು ಹೋಗಿತ್ತು. ಮಹಡಿ ಮೆಟ್ಟಿಲು ಇಳಿಸಿ, ಗೇಟಿನವರೆಗೂ ನಡೆಸಿಕೊಂಡು ಹೋದೆವು. ಆಟೋ ಹತ್ತಿಸುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಮೊದಲು ಹೋದ ನರ್ಸಿಂಗ್ ಹೋಮ್‌ನಲ್ಲಿ ಇಸಿಜಿ ಮಾಡಿ, ಹಾರ್ಟ್ ಅಟ್ಯಾಕ್, ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು.

ಬದುಕಿದ್ದಾರೆ. ಸ್ಟೆಂಟ್ ಹಾಕಿದ್ದಾರೆ.

ಮಾರನೇ ದಿನ ಮೀಟಿಂಗ್‌ನಲ್ಲಿ ಈ ಮಾತು ಎತ್ತಿದೆ. 'ಇದು ಕೆಲಸದಿಂದ ಆಗಿದ್ದಲ್ಲ. ಆಕ್ಸಿಡೆಂಟ್ ಅಲ್ಲ. ರಿಜಿಸ್ಟರ್‌ಗೆ ತರಬೇಡಿ' ಅಂದರು. ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಬೆರಳು ಕತ್ತರಿಸಿದರೆ ಏನು ಮಾಡಬೇಕು ಅಂತ ಗೋಡೆ ತುಂಬ ಬೋರ್ಡ್ ಇದೆ. ಬೆಂಕಿ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು ಅಂತ ವರ್ಷಕ್ಕೆರಡು ಸಲ ಡ್ರಿಲ್ ಇದೆ. ಮನುಷ್ಯ ಸುಮ್ನೆ ನಿಂತಲ್ಲೇ ಕುಸಿದರೆ ಏನು ಮಾಡಬೇಕು ಅಂತ ಒಂದು ಸಾಲೂ ಇಲ್ಲ. ನಿಮ್ಮಲ್ಲಿ ಏನಿದೆ, ಹೇಗೆ ಮಾಡಿದಿರಿ, ದಯವಿಟ್ಟು ಬರೆಯಿರಿ.

ಹೆಲ್ತ್ ಸೆಂಟರ್ ನರ್ಸ್ (ಭಾನುವಾರ, ರಾತ್ರಿ 10:35)

ಸರ್, ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳಿ. ಗ್ಯಾಸ್ಟ್ರಿಕ್ ಅಂದುಕೊಳ್ಳುವುದು ನಮ್ಮ ಊರಿನಲ್ಲಿ ಎಲ್ಲರೂ ಮಾಡುವ ತಪ್ಪು. ನಾನು 14 ವರ್ಷದಿಂದ ಕಾರ್ಖಾನೆಗಳ ಹೆಲ್ತ್ ಸೆಂಟರ್‌ನಲ್ಲಿ ಇದ್ದೇನೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ನನ್ನ ಹತ್ತಿರ ಬಂದು 'ಮೇಡಂ, ಗ್ಯಾಸ್ ಮಾತ್ರೆ ಕೊಡಿ' ಅಂತ ಕೇಳದವರು ಕಡಿಮೆ.

ಎದೆ ಭಾರ, ಬೆವರು, ಕೈ ಅಥವಾ ದವಡೆ ಅಥವಾ ಬೆನ್ನಿಗೆ ಹರಡುವ ನೋವು, ಉಸಿರು ಸಿಗದ ಹಾಗೆ ಆಗುವುದು. ಇವು ಕಂಡರೆ ಇಸಿಜಿ ಆಗುವವರೆಗೂ ಅದು ಹೃದಯ ಅಂತಲೇ ತಿಳಿದುಕೊಳ್ಳಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಲವೊಮ್ಮೆ ಎದೆನೋವು ಅಷ್ಟಾಗಿ ಇರುವುದೇ ಇಲ್ಲ. ಬರೀ ಸುಸ್ತು, ವಾಕರಿಕೆ, ಏದುಸಿರು ಇರಬಹುದು.

ನಡೆಸಬೇಡಿ. ಇದು ಬಹಳ ಮುಖ್ಯ. ಮೆಟ್ಟಿಲು ಇಳಿಸುವುದು ಬೇಡವೇ ಬೇಡ. ನಡೆದಷ್ಟೂ ಹೃದಯಕ್ಕೆ ಕೆಲಸ ಜಾಸ್ತಿ. ಗೋಡೆಗೆ ಒರಗಿಸಿ, ಮೊಣಕಾಲು ಸ್ವಲ್ಪ ಮಡಚಿ ಕೂರಿಸಿ. ಬಿಗಿ ಬಟ್ಟೆ ಸಡಿಲ ಮಾಡಿ. ಗಾಲಿ ಕುರ್ಚಿ ಇಲ್ಲದಿದ್ದರೆ ಆಫೀಸಿನ ಗಾಲಿ ಇರುವ ಕುರ್ಚಿಯೂ ಆಗುತ್ತದೆ. ಮೆಟ್ಟಿಲಲ್ಲಿ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಇಳಿಸಿ.

ಪೂರ್ತಿ ಎಚ್ಚರವಿದ್ದು ಎದೆನೋವು ಇರುವವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡುವ ಪದ್ಧತಿ ಇದೆ. ಆದರೆ ಆಸ್ಪಿರಿನ್ ಅಲರ್ಜಿ ಇದ್ದರೆ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಿದ್ದರೆ, ಪಾರ್ಶ್ವವಾಯು ಅನ್ನಿಸಿದರೆ ಕೊಡಬಾರದು. ಕಂಪನಿ ಡಾಕ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ: ಯಾರು ಕೊಡಬಹುದು, ಯಾವಾಗ, ಯಾರಿಗೆ ಕೂಡದು. ಇನ್ನೊಂದು, ಹೃದ್ರೋಗದ ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ. ಯಾರದೋ ಜೇಬಿನಲ್ಲಿ ಇದ್ದದ್ದನ್ನು ತೆಗೆದು ಇನ್ಯಾರಿಗೋ ಇಡುತ್ತಾರೆ. ಬಿಪಿ ದಿಢೀರ್ ಕುಸಿಯಬಹುದು. ಡಾಕ್ಟರ್ ಬರೆದುಕೊಟ್ಟವರಿಗೆ ಮಾತ್ರ ಅದು.

ಹೊಲಿಗೆ ಲೈನ್ (ಭಾನುವಾರ, ರಾತ್ರಿ 11:05)

ಅಣ್ಣ, ನೀವು ಕೇಳಿದ್ದು ಒಳ್ಳೆಯದಾಯಿತು. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಮ್ಮ ಫ್ಲೋರಿನಲ್ಲಿ ತಿಂಗಳಿಗೆ ಒಬ್ಬರಾದರೂ ತಲೆಸುತ್ತಿ ಬೀಳುತ್ತಾರೆ. ಬೆಳಗ್ಗೆ ಆರೂವರೆಗೆ ಮನೆ ಬಿಡಬೇಕು. ಮಕ್ಕಳಿಗೆ ಡಬ್ಬಿ ಕಟ್ಟಿ, ತಾವು ತಿನ್ನದೆ ಓಡಿ ಬರುತ್ತಾರೆ. ಟಾಯ್ಲೆಟ್‌ಗೆ ಎದ್ದರೆ ಪೀಸ್ ಕಡಿಮೆ ಬರುತ್ತದೆ ಅಂತ ನೀರೂ ಕುಡಿಯುವುದಿಲ್ಲ. ಬಿದ್ದರೆ ಸೂಪರ್‌ವೈಸರ್ 'ನಾಟಕ' ಅನ್ನುತ್ತಾರೆ. ಎಲ್ಲರೂ ಹಾಗಲ್ಲ, ಆದರೆ ಆ ಮಾತು ಕೇಳಿದ್ದೇವೆ.

ಒಂದು ಸಲ ಪಕ್ಕದ ಮೆಷಿನ್‌ನ ಅಕ್ಕ ನಡುಗುತ್ತಾ, ಏನೇನೋ ಮಾತಾಡುತ್ತಾ ಕುಸಿದರು. ಬೆವರು ತಣ್ಣಗಿತ್ತು. ಯಾರೋ ಬಾಯಿಗೆ ನೀರು ಸುರಿದರು. ಕೆಮ್ಮಿ ಕೆಮ್ಮಿ ಮುಖ ನೀಲಿ ಆಯಿತು. ಆಮೇಲೆ ಗೊತ್ತಾಯಿತು, ಅವರಿಗೆ ಶುಗರ್ ಇದೆ, ಮಾತ್ರೆ ನುಂಗಿ ಊಟ ಮಾಡಿರಲಿಲ್ಲ ಅಂತ. ಲೈನಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಇನ್ನೊಬ್ಬಳು ಹುಡುಗಿಗೆ ಪಿಟ್ಸ್ ಬರುತ್ತಿತ್ತು. ಅವಳೂ ಮುಚ್ಚಿಟ್ಟಿದ್ದಳು. ಒಂದು ದಿನ ಕಟಿಂಗ್ ಸೆಕ್ಷನ್ ಹತ್ತಿರ ಬಿದ್ದಳು. ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು, ಮೂಗಿಗೆ ಈರುಳ್ಳಿ ಹಿಡಿದರು, ಹಲ್ಲಿನ ನಡುವೆ ಚಮಚ ತುರುಕಿ ಹಲ್ಲು ಮುರಿಯಿತು. ಎಲ್ಲರೂ ಸುತ್ತ ನಿಂತು ನೋಡಿದರು, ಒಬ್ಬರು ವಿಡಿಯೋ ಮಾಡಿದರು. ಮೂರನೇ ದಿನ ಅವಳು ಕೆಲಸ ಬಿಟ್ಟಳು. ಕಾಯಿಲೆಗಿಂತ ನಾಚಿಕೆ ಜಾಸ್ತಿ ಆಗಿತ್ತು ಅವಳಿಗೆ.

ಹೆಲ್ತ್ ಸೆಂಟರ್ ನರ್ಸ್ (ಭಾನುವಾರ, ರಾತ್ರಿ 11:30)

ಆ ಹುಡುಗಿಯ ವಿಷಯ ಓದಿ ಹೊಟ್ಟೆ ಉರಿಯಿತು. ಮಲಗುವ ಮುಂಚೆ ಇದೊಂದು ಬರೆದುಬಿಡುತ್ತೇನೆ.

ಪಿಟ್ಸ್ ಬಂದಾಗ ಬಾಯಿಗೆ ಏನೂ ಹಾಕಬಾರದು. ಚಮಚವೂ ಬೇಡ, ಬಟ್ಟೆಯೂ ಬೇಡ, ನೀರೂ ಬೇಡ. ಕಬ್ಬಿಣ ಹಿಡಿಸಿದರೆ ನಿಲ್ಲುವುದಿಲ್ಲ, ಅದು ತಾನಾಗಿಯೇ ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ. ಕೈಕಾಲು ಒತ್ತಿ ಹಿಡಿಯಬೇಡಿ. ಅಕ್ಕಪಕ್ಕದ ಮೆಷಿನ್ ಆಫ್ ಮಾಡಿ, ಚೂಪಾದದ್ದನ್ನು ದೂರ ಸರಿಸಿ, ತಲೆ ಕೆಳಗೆ ಜಾಕೆಟ್ ಅಥವಾ ಬಟ್ಟೆ ಮಡಚಿ ಇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಮೊದಲ ಸಲ ಬಂದಿದ್ದರೆ, ಗರ್ಭಿಣಿ ಆಗಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಎಚ್ಚರವಾದಾಗ ಅವರಿಗೆ ಗೊಂದಲ ಇರುತ್ತದೆ, ಬಟ್ಟೆ ಒದ್ದೆ ಆಗಿರಬಹುದು. ಒಬ್ಬ ಹೆಣ್ಣುಮಗಳು ಪಕ್ಕದಲ್ಲಿದ್ದು, ಉಳಿದವರೆಲ್ಲ ಬೆನ್ನು ತಿರುಗಿಸಿ ನಿಂತು ಮರೆ ಮಾಡಿ. ಒಂದು ಬೆಡ್‌ಶೀಟ್ ಫಸ್ಟ್ ಏಡ್ ಪೆಟ್ಟಿಗೆ ಪಕ್ಕದಲ್ಲಿ ಯಾವಾಗಲೂ ಇರಲಿ.

ಶುಗರ್ ಇಳಿದವರು ಎಚ್ಚರವಿದ್ದು ನುಂಗುವ ಹಾಗಿದ್ದರೆ ಮೂರ್ನಾಲ್ಕು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ. ಗ್ಲೂಕೋಸ್ ಪುಡಿ ಇದ್ದರೆ ಇನ್ನೂ ಒಳ್ಳೆಯದು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಶುಗರ್ ನೋಡುವ ಯಂತ್ರದಲ್ಲಿ 70ಕ್ಕಿಂತ ಕೆಳಗೆ ಇದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದವರಿಗೆ ಬಾಯಲ್ಲಿ ಒಂದು ಹನಿಯೂ ಬೇಡ.

ಸೇಫ್ಟಿ ಬಿಡದಿ (ಸೋಮವಾರ, ಬೆಳಗ್ಗೆ 7:15)

ನಾನು ಸೇಫ್ಟಿ ಆಫೀಸರ್. ನರ್ಸ್ ಮೇಡಂ ಹೇಳಿದ್ದಕ್ಕೆ ಒಂದು ಹೆಜ್ಜೆ ಹಿಂದಿನದನ್ನು ಸೇರಿಸುತ್ತೇನೆ. ಬಿದ್ದವರನ್ನು ಕಂಡ ಕೂಡಲೇ ಓಡಬೇಡಿ. ಒಂದು ಕ್ಷಣ ನಿಂತು ನೋಡಿ. ಇದು ನಿಜವಾಗಿಯೂ ಕಾಯಿಲೆಯಾ?

ಎಫ್ಲುಯೆಂಟ್ ಪ್ಲಾಂಟ್ (ಕೊಳಕು ನೀರು ಶುದ್ಧ ಮಾಡುವ ಘಟಕ) ಗುಂಡಿಯಲ್ಲಿ, ಟ್ಯಾಂಕಿನ ಒಳಗೆ, ಬಾಯ್ಲರ್ ಒಳಗೆ ಒಬ್ಬರು ಬಿದ್ದಿದ್ದರೆ ಅದು ತಲೆಸುತ್ತು ಅಂತ ತಿಳಿದು ಇಳಿದವರು ಅವರ ಮೇಲೇ ಬಿದ್ದು ಸತ್ತಿದ್ದಾರೆ. ಅಂಥ ಕಡೆ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಮೆಷಿನ್ ಪಕ್ಕ ಬಿದ್ದಿದ್ದರೆ ಕರೆಂಟ್ ಹೊಡೆದಿರಬಹುದು. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಮುಟ್ಟಿ. ಬೇಸಿಗೆಯಲ್ಲಿ ಫರ್ನೇಸ್ ಹತ್ತಿರ ಬಿದ್ದು, ಮೈ ಸುಡುತ್ತಾ, ತೊದಲುತ್ತಾ ಇದ್ದರೆ ಬಿಸಿಲಾಘಾತ. ಆಸ್ಪತ್ರೆಗೆ ಹೊರಡುವ ಮುಂಚೆಯೇ ನೀರು ಸುರಿದು ಮೈ ತಣ್ಣಗೆ ಮಾಡಬೇಕು.

ಆಮೇಲೆ ಜನ ಹಂಚಿಕೊಳ್ಳಬೇಕು. ನಮ್ಮಲ್ಲಿ ನಾಲ್ಕೇ ಕೆಲಸ ಬರೆದಿಟ್ಟಿದ್ದೇವೆ. ಒಬ್ಬರು ರೋಗಿಯ ಹತ್ತಿರ ಕೂರುತ್ತಾರೆ, ಅಲ್ಲಿಂದ ಏಳುವುದಿಲ್ಲ. ಒಬ್ಬರು ಫೋನ್. ಒಬ್ಬರು ಪೆಟ್ಟಿಗೆ ಮತ್ತು ಕುರ್ಚಿ ತರುತ್ತಾರೆ. ಒಬ್ಬರು ಗೇಟಿಗೆ ಓಡುತ್ತಾರೆ. ಗೇಟಿನ ಕೆಲಸ ಚಿಕ್ಕದು ಅನ್ನಿಸುತ್ತದೆ, ಆದರೆ ನಮ್ಮಲ್ಲಿ ಎಡವಿದ್ದೇ ಅಲ್ಲಿ. ಎರಡು ವರ್ಷದ ಹಿಂದೆ ಆಂಬುಲೆನ್ಸ್ ಬೇಗನೇ ಬಂತು. ಮೆಟೀರಿಯಲ್ ಗೇಟಿಗೆ ಬಂತು. ಅಲ್ಲಿ ಎರಡು ಲಾರಿ ಅಡ್ಡ ನಿಂತಿದ್ದವು. ಫೋನ್ ಮಾಡಿದ ಹುಡುಗನಿಗೆ ವಿಳಾಸ ಹೇಳಲು ಬಂದಿರಲಿಲ್ಲ, 'ಫ್ಯಾಕ್ಟರಿ, ಫ್ಯಾಕ್ಟರಿ' ಅನ್ನುತ್ತಿದ್ದ. ಈಗ ಪ್ರತಿ ಫೋನಿನ ಪಕ್ಕ ಕನ್ನಡ ಮತ್ತು ಹಿಂದಿಯಲ್ಲಿ ಬೋರ್ಡ್ ಇದೆ: ಪ್ಲಾಟ್ ನಂಬರ್, ರಸ್ತೆ, ಹತ್ತಿರದ ಗುರುತು, ಯಾವ ಗೇಟು. ಒಬ್ಬರು ಮುಖ್ಯರಸ್ತೆಯ ತಿರುವಿನಲ್ಲೇ ನಿಲ್ಲುತ್ತಾರೆ.

ಗೇಟ್ ಪಾಸ್ ವಿಷಯ ನಿಮ್ಮ ಮ್ಯಾನೇಜರ್ ಹತ್ತಿರ ಖಂಡಿತ ಮಾತಾಡಿ. ತುರ್ತಿನಲ್ಲಿ ಮೊದಲು ಜನ ಹೊರಗೆ, ಕಾಗದ ಆಮೇಲೆ ಅಂತ ಸೆಕ್ಯುರಿಟಿಗೆ ಲಿಖಿತ ಆದೇಶ ಇರಬೇಕು. ಬಾಯಿ ಮಾತು ಸಾಲದು. ಪಾಪ, ಗಾರ್ಡ್ ತನ್ನ ಕೆಲಸ ಉಳಿಸಿಕೊಳ್ಳಬೇಕಲ್ವಾ.

ಕಾನೂನು ಕೇಳುವವರಿಗೆ: 1948ರ ಫ್ಯಾಕ್ಟರೀಸ್ ಆಕ್ಟ್‌ನ 45ನೇ ಸೆಕ್ಷನ್ ಪ್ರಕಾರ 150 ಜನರಿಗೆ ಒಂದಾದರೂ ಫಸ್ಟ್ ಏಡ್ ಪೆಟ್ಟಿಗೆ ಇರಬೇಕಿತ್ತು. ಪ್ರತಿ ಪೆಟ್ಟಿಗೆಗೂ ತರಬೇತಿ ಸರ್ಟಿಫಿಕೇಟ್ ಇರುವ ಒಬ್ಬರು ಹೊಣೆ, ಅವರು ಕೆಲಸದ ಹೊತ್ತು ಪೂರ್ತಿ ಸಿಗಬೇಕು ಅಂತ ಅದರಲ್ಲೇ ಬರೆದಿತ್ತು. 500ಕ್ಕಿಂತ ಜಾಸ್ತಿ ಜನ ಇದ್ದರೆ ಆಂಬುಲೆನ್ಸ್ ರೂಮ್. 2025ರ ನವೆಂಬರ್ 21ರಿಂದ ಜಾರಿಗೆ ಬಂದ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಫಸ್ಟ್ ಏಡ್ ಪೆಟ್ಟಿಗೆ ಕೆಲಸದ ಎಲ್ಲ ಹೊತ್ತಿನಲ್ಲೂ ಕೈಗೆ ಸಿಗಬೇಕು ಅಂತಿದೆ, 500ರ ಲೆಕ್ಕವೂ ಹಾಗೇ ಉಳಿದಿದೆ. ಸೆಕೆಂಡ್ ಶಿಫ್ಟ್ ಕೂಡ ಕೆಲಸದ ಹೊತ್ತೇ. ಐದೂವರೆಗೆ ಬೀಗ ಹಾಕುವುದಕ್ಕೆ ಯಾವ ಕಾನೂನೂ ಒಪ್ಪುವುದಿಲ್ಲ.

ಎಚ್‌ಆರ್ ಜಿಗಣಿ (ಸೋಮವಾರ, ಬೆಳಗ್ಗೆ 10:20)

ನಮ್ಮ ಕಡೆಯ ಕಷ್ಟವನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾತ್ರೆ ಕೊಟ್ಟು ಏನಾದರೂ ಹೆಚ್ಚುಕಡಿಮೆ ಆದರೆ ಸೂಪರ್‌ವೈಸರ್ ಮೇಲೆ ಬರುತ್ತದೆ. ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಲೂ ಆಗುವುದಿಲ್ಲ. ಎಷ್ಟೋ ಜನ 'ಏನೂ ಆಗಿಲ್ಲ ಸರ್, ಸ್ವಲ್ಪ ಹೊತ್ತು ಕೂತು ಮನೆಗೆ ಹೋಗ್ತೀನಿ' ಅನ್ನುತ್ತಾರೆ. ಅಂಥವರನ್ನು ಏನು ಮಾಡುವುದು? ಇನ್ನು, ಯಾರಿಗೆ ಯಾವ ಕಾಯಿಲೆ ಇದೆ ಅಂತ ನಾವು ಕೇಳಿದರೆ ಕೆಲಸ ತೆಗೆಯಲು ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಮೇಂಟೆನೆನ್ಸ್ ಎರಡನೇ ಪಾಳಿ (ಸೋಮವಾರ, ಮಧ್ಯಾಹ್ನ 1:10)

ಎಚ್‌ಆರ್ ಸರ್, 'ಮನೆಗೆ ಹೋಗ್ತೀನಿ' ಅಂದವರ ಕಥೆ ನಾನು ಹೇಳುತ್ತೇನೆ. ನಮ್ಮ ಫಿಟ್ಟರ್ ಒಬ್ಬರು ಮಧ್ಯಾಹ್ನ ತಲೆ ಒಂಥರಾ ಆಗಿದೆ ಅಂದರು. ಸ್ಪ್ಯಾನರ್ ಎರಡು ಸಲ ಕೈಯಿಂದ ಜಾರಿತು. ಮಾತು ಸ್ವಲ್ಪ ತೊದಲಿತು. ನಾವು ಬಿಪಿ ಅಂದುಕೊಂಡೆವು. ಗೇಟ್ ಪಾಸ್ ಬರೆದುಕೊಟ್ಟು ಒಬ್ಬರನ್ನೇ ಕಳಿಸಿದೆವು. ಬಸ್ ಸ್ಟಾಪಿನಲ್ಲಿ ಬಿದ್ದಿದ್ದರು. ಕುಡಿದಿದ್ದಾರೆ ಅಂದುಕೊಂಡು ಜನ ಮುಟ್ಟಿಲ್ಲ. ರಾತ್ರಿ ಒಂಬತ್ತಕ್ಕೆ ಆಸ್ಪತ್ರೆ ಸೇರಿದರು. ಪಾರ್ಶ್ವವಾಯು. ಬಲಗೈ ಇವತ್ತಿಗೂ ಬಂದಿಲ್ಲ. ಮನೆಗೆ ಹೋಗಿ ನೋಡಿ ಬಂದ ದಿನ ನಾನು ಊಟ ಮಾಡಲಿಲ್ಲ.

ಹೆಲ್ತ್ ಸೆಂಟರ್ ನರ್ಸ್ (ಸೋಮವಾರ, ಮಧ್ಯಾಹ್ನ 2:00)

ಮುಖ ಒಂದು ಕಡೆ ಜೋತಿದೆಯಾ, ಎರಡೂ ಕೈ ಎತ್ತಿದರೆ ಒಂದು ಜಾರುತ್ತದಾ, ಮಾತು ತೊದಲುತ್ತದಾ. ಮೂರರಲ್ಲಿ ಒಂದಿದ್ದರೂ ಸಾಕು, ಪಾರ್ಶ್ವವಾಯು ಅಂತ ತಿಳಿದು ಹೊರಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಒಳಗೆ ಆಗಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು. ಡಾಕ್ಟರ್ ಮೊದಲು ಕೇಳುವುದೇ 'ಎಷ್ಟು ಗಂಟೆಗೆ ಶುರುವಾಯಿತು' ಅಂತ. ಆ ಗಂಟೆ ಗೊತ್ತಿರುವುದು ಪಕ್ಕದ ಮೆಷಿನ್‌ನವರಿಗೆ. ಅಂಗೈ ಮೇಲಾದರೂ ಬರೆದುಕೊಳ್ಳಿ. ಆಸ್ಪಿರಿನ್ ಕೊಡಬೇಡಿ, ಕುಡಿಯಲು ಏನೂ ಕೊಡಬೇಡಿ.

ಎಚ್‌ಆರ್ ಸರ್ ಕೇಳಿದ್ದಕ್ಕೆ: ಬುದ್ಧಿ ಸ್ಥಿಮಿತದಲ್ಲಿರುವ ದೊಡ್ಡವರು ಬೇಡ ಅಂದರೆ ಬಲವಂತ ಮಾಡಲು ಬರುವುದಿಲ್ಲ, ನಿಜ. ಆದರೆ ಒಬ್ಬರನ್ನೇ ಬಿಡಬೇಡಿ. ಬೈಕ್ ಓಡಿಸಲು ಬಿಡಬೇಡಿ. ಮನೆಗೆ ಫೋನ್ ಮಾಡಿ ಅವರ ಮುಂದೆಯೇ ವಿಷಯ ಹೇಳಿ. ಹೆಂಡತಿ ಅಥವಾ ಮಗಳು ಫೋನಿನಲ್ಲಿ 'ಹೋಗಿ ತೋರಿಸ್ರೀ' ಅಂದರೆ ಮುಕ್ಕಾಲು ಜನ ಒಪ್ಪುತ್ತಾರೆ, ಇದು ನನ್ನ ಅನುಭವ. ಗೊಂದಲದಲ್ಲಿರುವವರ, ತೊದಲುವವರ 'ಬೇಡ'ವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಕಾಯಿಲೆ ಮಾಹಿತಿ ಎಚ್‌ಆರ್ ಫೈಲಿನಲ್ಲಿ ಇರಬೇಕಾಗಿಲ್ಲ. ನಮ್ಮಲ್ಲಿ ಕೆಲಸದವರೇ ಒಂದು ಚೀಟಿ ಬರೆದು, ಅಂಟಿಸಿದ ಕವರಿನಲ್ಲಿ ಐಡಿ ಕಾರ್ಡ್ ಹಿಂದೆ ಇಟ್ಟುಕೊಳ್ಳುತ್ತಾರೆ: ಕಾಯಿಲೆ, ಮಾತ್ರೆ, ಅಲರ್ಜಿ, ಮನೆಯವರ ನಂಬರ್. ಅವರು ಬಿದ್ದಾಗ ಮಾತ್ರ ತೆರೆಯುತ್ತೇವೆ. ಬೇಕಾದವರು ಬರೆಯಲಿ, ಒತ್ತಾಯ ಇಲ್ಲ ಅಂದೆವು. ಮೊದಲ ತಿಂಗಳು ಕೆಲವರೇ ಬರೆದರು. ಈಗ ಬರೆಯದವರೇ ಕಡಿಮೆ.

ಸಿಮೆಂಟ್ ಸೇಡಂ (ಸೋಮವಾರ, ಸಂಜೆ 6:40)

ನಮ್ಮ ಕಡೆ ಕಾಂಟ್ರಾಕ್ಟ್ ಕೆಲಸದವರು ಒಡಿಶಾ, ಬಿಹಾರದವರು ಜಾಸ್ತಿ. ಎಲ್ಲಿ ನೋವು ಅಂತ ಹೇಳಲು ಭಾಷೆಯೇ ಇಲ್ಲ. ಮನೆ ನಂಬರ್ ಕೇಳಿದರೆ ಮೇಸ್ತ್ರಿ ನಂಬರ್ ಇರುತ್ತದೆ. ಈ ಚೀಟಿ ಅವರಿಗೆ ಎಲ್ಲರಿಗಿಂತ ಮೊದಲು ಬೇಕು. ನಾವು ಪ್ರತಿ ಗ್ಯಾಂಗಿನಲ್ಲಿ ಅವರ ಭಾಷೆಯ ಒಬ್ಬರನ್ನು ಆಸ್ಪತ್ರೆಗೆ ಜೊತೆಗೆ ಕಳಿಸಲು ಗೊತ್ತು ಮಾಡಿದ್ದೇವೆ. ಅವನ ಅವತ್ತಿನ ಕೂಲಿ ಕಡಿಯಬಾರದು ಅಂತ ಕಾಂಟ್ರಾಕ್ಟರ್ ಹತ್ತಿರ ಬರೆಸಿಕೊಂಡೆವು. ಕೂಲಿ ಕಡಿದರೆ ಯಾರೂ ಜೊತೆಗೆ ಹೋಗುವುದಿಲ್ಲ.

ಒಂದು ಪ್ರಶ್ನೆ. ಆಂಬುಲೆನ್ಸ್‌ಗೆ ಕಾಯಬೇಕಾ, ಇದ್ದ ಗಾಡಿಯಲ್ಲಿ ಹಾಕಿಕೊಂಡು ಹೋಗಬೇಕಾ? ನಮ್ಮಲ್ಲಿ ಪ್ರತಿ ಸಲ ಇದೇ ಜಗಳ.

ಆಂಬುಲೆನ್ಸ್ ಹುಡುಗ (ಸೋಮವಾರ, ರಾತ್ರಿ 8:25)

ಆಂಬುಲೆನ್ಸ್‌ನಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ನೇರವಾಗಿ ಹೇಳುತ್ತೇನೆ.

ಉಸಿರಾಟ ಇಲ್ಲದಿದ್ದರೆ ಎತ್ತಿ ಕಾರಿಗೆ ಹಾಕಬೇಡಿ. ಕಾರಿನ ಹಿಂದಿನ ಸೀಟಿನಲ್ಲಿ ಎದೆ ಒತ್ತಲು ಆಗುವುದಿಲ್ಲ. ಇದ್ದಲ್ಲೇ, ಗಟ್ಟಿ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರು ಮಾಡಿ. ಎದೆ ನಡುವೆ ಅಂಗೈ ಬುಡ ಇಟ್ಟು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಇಲ್ಲದಿದ್ದರೆ ಕೈ ಸೋತು ಆಳ ಸಿಗುವುದಿಲ್ಲ. ಬಾಯಿಂದ ಉಸಿರು ಕೊಡಲು ಗೊತ್ತಿಲ್ಲದವರು ಬರೀ ಒತ್ತಿ, ಪರವಾಗಿಲ್ಲ. ಆಗಾಗ ಗೊರಕೆ ಥರ ಒಂದೊಂದು ಉಸಿರು ಬರುತ್ತದೆ. ಅದನ್ನು ನೋಡಿ 'ಉಸಿರಾಡ್ತಿದ್ದಾರೆ' ಅಂತ ಬಿಟ್ಟುಬಿಡುತ್ತಾರೆ. ಅದು ಉಸಿರಾಟ ಅಲ್ಲ. ಒತ್ತುತ್ತಲೇ ಇರಿ. ಶಾಕ್ ಕೊಡುವ ಎಇಡಿ ಯಂತ್ರ ಇದ್ದರೆ ತಕ್ಷಣ ಹಾಕಿ, ಅದೇ ಮಾತಾಡಿ ಹೇಳಿಕೊಡುತ್ತದೆ. ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ.

ಎಚ್ಚರ ಇದ್ದಾರೆ, ಎದೆನೋವು ಇದೆ, ಆಂಬುಲೆನ್ಸ್ ದೂರದಲ್ಲಿದೆ ಅಂತ 108ರವರೇ ಹೇಳಿದರೆ ಗಾಡಿಯಲ್ಲಿ ಹೊರಡಿ. ಡ್ರೈವರ್ ಬಿಟ್ಟು ಇಬ್ಬರು ಜೊತೆಗಿರಲಿ. ಹೋಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ. ಎಲ್ಲಕ್ಕಿಂತ ಮುಖ್ಯ, ಯಾವ ಆಸ್ಪತ್ರೆ ಅಂತ ಇವತ್ತೇ ತಿಳಿದುಕೊಳ್ಳಿ. ರಾತ್ರಿ ಇಸಿಜಿ ಎಲ್ಲಿದೆ, ಆಂಜಿಯೋಗ್ರಾಂ ಎಲ್ಲಿ ಮಾಡುತ್ತಾರೆ, ಸಿಟಿ ಸ್ಕ್ಯಾನ್ ಎಲ್ಲಿದೆ. ಬೆಂಗಳೂರಿನ ಹೊರಗಿರುವವರು ತಾಲೂಕು ಆಸ್ಪತ್ರೆಯನ್ನು ಮರೆಯಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಕಡೆ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ.

ಹರಿಹರದ ತಮ್ಮ (ಮಂಗಳವಾರ, ಬೆಳಗ್ಗೆ 6:05)

ರಾತ್ರಿ ಪೂರ್ತಿ ಓದಿದೆ. ನಾನು ಕಾರ್ಖಾನೆಯವನಲ್ಲ. ನಮ್ಮಣ್ಣ ಇದ್ದ. ಕ್ಯಾಂಟೀನ್ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಬಿದ್ದ. 44 ವರ್ಷ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮುಗಿದಿತ್ತು.

'ಸಹಜ ಸಾವು, ಕೆಲಸಕ್ಕೆ ಸಂಬಂಧ ಇಲ್ಲ' ಅಂದರು. ಅತ್ತಿಗೆ ಕೈಗೆ ಸ್ವಲ್ಪ ದುಡ್ಡು, ಅವನ ಟಿಫನ್ ಡಬ್ಬಿ, ಚಪ್ಪಲಿ ಕೊಟ್ಟು ಕಳಿಸಿದರು. ನಾವು ಏನೂ ಕೇಳಲಿಲ್ಲ. ಕೇಳಬಹುದು ಅಂತಲೂ ಗೊತ್ತಿರಲಿಲ್ಲ. ಎಂಟು ತಿಂಗಳಾದ ಮೇಲೆ ಪಿಎಫ್ ಆಫೀಸಿನಲ್ಲಿ ಒಬ್ಬರು 'ಇಡಿಎಲ್ಐ ಹಾಕಿದ್ದೀರಾ' ಅಂತ ಕೇಳಿದರು. ಪಿಎಫ್ ಇರುವವರು ಕೆಲಸದಲ್ಲಿರುವಾಗ ತೀರಿಕೊಂಡರೆ ವಿಮೆ ಹಣ ಬರುತ್ತದಂತೆ, ಹೆಚ್ಚೆಂದರೆ 7 ಲಕ್ಷದವರೆಗೆ. ಎಲ್ಲಿ ಸತ್ತರು, ಯಾಕೆ ಸತ್ತರು ಅಂತ ಕೇಳುವುದಿಲ್ಲ. ಮನೆಯಲ್ಲಿ ಮಲಗಿದ್ದಾಗ ಹೋದರೂ ಬರುತ್ತದೆ. ಅತ್ತಿಗೆಗೆ ಪಿಂಚಣಿಯೂ ಇತ್ತು. ಎಂಟು ತಿಂಗಳು ಅವರು ಹೂ ಕಟ್ಟಿ ಮನೆ ನಡೆಸಿದ್ದರು.

ಅದೂ ಸುಲಭವಾಗಿ ಸಿಗಲಿಲ್ಲ. ಮದುವೆಗೆ ಮುಂಚೆ ನಾಮಿನಿ ಜಾಗದಲ್ಲಿ ಅಪ್ಪನ ಹೆಸರು ಬರೆಸಿದ್ದ, ಬದಲಾಯಿಸಿರಲಿಲ್ಲ. ಮತ್ತೆ ಓಡಾಟ. ದಯವಿಟ್ಟು ನಿಮ್ಮ ನಿಮ್ಮ ನಾಮಿನೇಷನ್ ಇವತ್ತು ನೋಡಿಕೊಳ್ಳಿ.

ಯೂನಿಯನ್ ರಾಜಾಜಿನಗರ (ಮಂಗಳವಾರ, ಬೆಳಗ್ಗೆ 9:30)

ಹರಿಹರದ ತಮ್ಮ, ನಿಮ್ಮ ಅತ್ತಿಗೆಗೆ ಆದ ಹಾಗೆ ಎಷ್ಟೋ ಮನೆಗಳಿಗೆ ಆಗಿದೆ. ನಾನು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಪಿಎಫ್ ಕಾಗದ ಓಡಾಡಿಸುತ್ತಾ ಇಪ್ಪತ್ತು ವರ್ಷ ಕಳೆದೆ. ಗೊತ್ತಿರುವುದನ್ನು ಬರೆಯುತ್ತೇನೆ.

ಇಎಸ್‌ಐ ಚಿಕಿತ್ಸೆಗೆ ಕೆಲಸದಿಂದ ಬಂತಾ, ಮನೆಯಿಂದ ಬಂತಾ ಅನ್ನುವ ಭೇದ ಇಲ್ಲ. ತಿಂಗಳ ಸಂಬಳ 21,000ದ ಒಳಗಿದ್ದವರಿಗೆ ಸೇರಿದ ಮೊದಲ ದಿನದಿಂದಲೇ ಚಿಕಿತ್ಸೆ ಇದೆ, ಮನೆಯವರಿಗೂ ಇದೆ. ಭೇದ ಬರುವುದು ದುಡ್ಡಿನಲ್ಲಿ. ಮಾಮೂಲಿ ಕಾಯಿಲೆಗೆ ರಜೆ ಹಾಕಿದರೆ ಸಂಬಳದ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ಚಂದಾ ಕಟ್ಟಿರಬೇಕು. ಕೆಲಸದಲ್ಲಿ ಆದ ಗಾಯಕ್ಕೆ ನೂರಕ್ಕೆ 90. ಸಾವಾದರೆ ಕೆಲಸದ ಗಾಯಕ್ಕೆ ಮಾತ್ರ ಅವಲಂಬಿತರಿಗೆ ತಿಂಗಳ ಹಣ ಬರುತ್ತದೆ. ಅಂತ್ಯಕ್ರಿಯೆಯ 15,000 ಎಲ್ಲರಿಗೂ ಇದೆ. ತುರ್ತಿನಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೇ ಹೋಗಿ. ಜೀವ ಉಳಿಸಿಕೊಂಡು, ಬೇಗ ಇಎಸ್‌ಐಗೆ ತಿಳಿಸಿ, ಬಿಲ್ ಎಲ್ಲ ಜೋಪಾನವಾಗಿ ಇಟ್ಟು ಆಮೇಲೆ ಮರುಪಾವತಿಗೆ ಹಾಕಿ.

ಈಗ ಮುಖ್ಯ ಮಾತು. ಕೆಲಸಕ್ಕೆ ಸಂಬಂಧ ಇಲ್ಲ ಅಂತ ಅವತ್ತೇ, ಅಲ್ಲೇ ತೀರ್ಮಾನ ಮಾಡಲು ಮ್ಯಾನೇಜರ್ ಯಾರು? ಸುಪ್ರೀಂ ಕೋರ್ಟ್ ಎರಡೂ ಥರ ಹೇಳಿದೆ. 2006ರ ಒಂದು ತೀರ್ಪಿನಲ್ಲಿ, ಡ್ಯೂಟಿಯಲ್ಲಿದ್ದಾಗ ಹೃದಯಾಘಾತ ಆದರಷ್ಟೇ ಸಾಲದು, ಕೆಲಸದ ಒತ್ತಡಕ್ಕೂ ಸಾವಿಗೂ ನಂಟು ತೋರಿಸಬೇಕು ಅಂದಿತು. 2012ರಲ್ಲಿ ದೂರದ ಊರಿಗೆ ಲಾರಿ ಓಡಿಸುತ್ತಿದ್ದ ಡ್ರೈವರ್ ದಾರಿಯಲ್ಲಿ ಅಸ್ವಸ್ಥರಾಗಿ ಸತ್ತಾಗ, ಆ ಕೆಲಸದ ಒತ್ತಡವನ್ನು ಲೆಕ್ಕಕ್ಕೆ ಹಿಡಿದು ಮನೆಯವರಿಗೆ ಪರಿಹಾರ ಕೊಡಿಸಿತು. ಅಂದರೆ ಎಲ್ಲ ನಿಂತಿರುವುದು ದಾಖಲೆ ಮೇಲೆ. ಎಷ್ಟು ಗಂಟೆ ಕೆಲಸ ಮಾಡಿದ್ದರು, ಓವರ್‌ಟೈಮ್ ಇತ್ತಾ, ಏನು ಎತ್ತುತ್ತಿದ್ದರು, ಬೆಳಗ್ಗೆ ಹುಷಾರಿಲ್ಲ ಅಂತ ಹೇಳಿದ್ದರಾ, ಯಾರಿಗೆ ಹೇಳಿದ್ದರು. ಅವತ್ತು ಬರೆಯದಿದ್ದರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಆಕ್ಸಿಡೆಂಟ್ ರಿಜಿಸ್ಟರ್ ಬೇಡ ಅಂದರೆ ಬೇರೆ ಪುಸ್ತಕ ಇಡಿ. 'ಹಠಾತ್ ಅಸ್ವಸ್ಥತೆ' ಅಂತ ಹೆಸರಿಡಿ. ಗಂಟೆ, ಲಕ್ಷಣ, ಮಾಡಿದ ಉಪಚಾರ, ಫೋನ್ ಮಾಡಿದ ಹೊತ್ತು, ಹೊರಟ ಹೊತ್ತು. ಕಾರಣ ಏನು ಅಂತ ಬರೆಯಬೇಡಿ. ಅದು ಡಾಕ್ಟರ್ ಕೆಲಸ.

ಎಚ್‌ಆರ್ ಜಿಗಣಿ (ಮಂಗಳವಾರ, ಮಧ್ಯಾಹ್ನ 12:45)

ಆ ಪುಸ್ತಕದ ಯೋಚನೆ ಸರಿಯಾಗಿದೆ ಅನ್ನಿಸಿತು. ಕಂಪನಿಗೂ ಅದು ಒಳ್ಳೆಯದೇ, ನಾವು ಏನು ಮಾಡಿದೆವು ಅಂತ ತೋರಿಸಬಹುದು. ಕವರಿನ ಚೀಟಿಯನ್ನೂ ಈ ವಾರವೇ ಕೇಳಿ ನೋಡುತ್ತೇನೆ. ಇಡಿಎಲ್ಐ ವಿಷಯ ಓದಿ ನಾಚಿಕೆ ಆಯಿತು. ಮೂರು ವರ್ಷದ ಹಿಂದೆ ನಮ್ಮಲ್ಲಿ ತೀರಿಕೊಂಡ ಒಬ್ಬರ ಮನೆಯವರಿಗೆ ನಾನು ಅದನ್ನು ಹೇಳಿದ್ದೆನಾ ಅಂತ ನೆನಪಿಲ್ಲ. ಇವತ್ತು ಫೈಲ್ ತೆಗೆಸಿದ್ದೇನೆ.

ಹೊಲಿಗೆ ಲೈನ್ (ಮಂಗಳವಾರ, ರಾತ್ರಿ 10:15)

ಮನೆಯವರಿಗೆ ಹೇಳಿಬಿಡಿ ಸರ್, ತಡ ಮಾಡಬೇಡಿ.

ನಮ್ಮಲ್ಲಿ ಇವತ್ತು ಊಟದ ಹೊತ್ತಿಗೆ ಆರು ಜನ ಕೂತು ಈ ಮಾತೇ ಆಡಿದೆವು. ಇಬ್ಬರು ಶುಗರ್ ಇದೆ ಅಂತ ಹೇಳಿಕೊಂಡರು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೇವೆ, ಗೊತ್ತಿರಲಿಲ್ಲ. ಟೇಬಲ್ ಡ್ರಾಯರಿನಲ್ಲಿ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳಲು ಸೂಪರ್‌ವೈಸರ್ ಒಪ್ಪಿದರು. ಬಟ್ಟೆಗೆ ಇರುವೆ ಬರುತ್ತದೆ ಅಂದರು ಮೊದಲು, ಡಬ್ಬಿಯಲ್ಲಿ ಇಡುತ್ತೇವೆ ಅಂದೆವು.

ಪ್ರೆಸ್‌ಶಾಪ್ ಪೀಣ್ಯ (ಆರು ವಾರದ ನಂತರ, ಶನಿವಾರ, ರಾತ್ರಿ 11:20)

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ನೀವು ಬರೆದಿದ್ದನ್ನು ಪ್ರಿಂಟ್ ತೆಗೆದು ಮ್ಯಾನೇಜರ್ ಮುಂದೆ ಇಟ್ಟೆ. ಮೊದಲ ಸಲ ಓದಲಿಲ್ಲ. ಎರಡನೇ ಸಲ ಫ್ಯಾಕ್ಟರೀಸ್ ಆಕ್ಟ್ ಸಾಲುಗಳಿಗೆ ಕೆಂಪು ಗೆರೆ ಎಳೆದು ಕೊಟ್ಟೆ. ಓದಿದರು.

ಗೇಟ್ ಪಾಸ್ ಬದಲಾಗಿದೆ. ತುರ್ತಿನಲ್ಲಿ ಶಿಫ್ಟ್ ಇನ್‌ಚಾರ್ಜ್ ಮಾತೇ ಸಾಕು, ಸಹಿ ಮಾರನೇ ದಿನ. ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಆ ಆದೇಶವನ್ನು ಅಂಟಿಸಿದ್ದಾರೆ. ಮಹಡಿಯಲ್ಲಿ ಒಂದು ಗಾಲಿ ಕುರ್ಚಿ, ಕೆಳಗೆ ಒಂದು. ಗ್ಲೂಕೋಸ್, ಶುಗರ್ ನೋಡುವ ಯಂತ್ರ ಬಂತು. ಪ್ರತಿ ಶಿಫ್ಟಿನಿಂದ ನಾಲ್ಕು ಜನ ಎದೆ ಒತ್ತುವುದನ್ನು ಬೊಂಬೆ ಮೇಲೆ ಕಲಿತರು. ನಾನೂ ಕಲಿತೆ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ ಅಂತ ಆಂಬುಲೆನ್ಸ್ ತಮ್ಮ ಬರೆದಿದ್ದು ಅಕ್ಷರಶಃ ನಿಜ. ಎಇಡಿ ಬೇಕು ಅಂತ ಬರೆದುಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ.

ನಮ್ಮ ಆಪರೇಟರ್ ಸೋಮವಾರ ಕೆಲಸಕ್ಕೆ ಬಂದರು. ಡಾಕ್ಟರ್ ಚೀಟಿ ಪ್ರಕಾರ ಸದ್ಯ ಪ್ರೆಸ್ ಇಲ್ಲ, ಇನ್‌ಸ್ಪೆಕ್ಷನ್ ಟೇಬಲ್. ಚಹಾ ಹೊತ್ತಿನಲ್ಲಿ ಪಕ್ಕದಲ್ಲಿ ಕೂತೆ. ಸೋಡಾ ಕುಡಿಸಿದ್ದಕ್ಕೆ, ಮೆಟ್ಟಿಲು ಇಳಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದರು. ನೋವು ಅವತ್ತು ಶುರುವಾಗಿದ್ದಲ್ಲ. ಎರಡು ದಿನದಿಂದ ಇತ್ತು. ಅವತ್ತು ಮಧ್ಯಾಹ್ನ ಗೇಟಿನೊಳಗೆ ಬರುವಾಗಲೇ ಒಮ್ಮೆ ನಿಂತು ಸುಧಾರಿಸಿಕೊಂಡಿದ್ದರಂತೆ.

'ಯಾಕೆ ಹೇಳಲಿಲ್ಲ?' ಅಂದೆ.

'ತಿಂಗಳ ಕೊನೆ ಅಲ್ವಾ ಸಾರ್. ಒಂದು ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ ಪೂರ್ತಿ ಹೋಗುತ್ತೆ. ಮಗಳ ಫೀಸಿಗೆ ಅಂತ ಇಟ್ಟುಕೊಂಡಿದ್ದೆ.'

ನಮ್ಮ ಬೋನಸ್ 1,500 ರೂಪಾಯಿ. ಆ ಪಟ್ಟಿಗೆ ಪ್ರತಿ ತಿಂಗಳು ಸಹಿ ಹಾಕುವವನು ನಾನೇ. ಒಂದೂ ರಜೆ ಇಲ್ಲದವರ ಹೆಸರು ಓದಿ ಚಪ್ಪಾಳೆ ತಟ್ಟಿಸುವವನೂ ನಾನೇ.

ಶುಕ್ರವಾರ ಎಚ್‌ಆರ್‌ಗೆ ಕಾಗದ ಕೊಟ್ಟಿದ್ದೇನೆ. ಡಾಕ್ಟರ್ ಚೀಟಿ ತಂದವರಿಗೆ ತಿಂಗಳಿಗೆ ಎರಡು ದಿನದವರೆಗೆ ಬೋನಸ್ ಕಡಿಯಬಾರದು ಅಂತ. ನೋಡೋಣ ಅಂದಿದ್ದಾರೆ. ನಿಮ್ಮ ಯಾರ ಕಾರ್ಖಾನೆಯಲ್ಲಾದರೂ ಇಂಥ ನಿಯಮ ಈಗಾಗಲೇ ಇದ್ದರೆ ಅದರ ಒಂದು ಪ್ರತಿ ಕಳಿಸಿ. ಬುಧವಾರ ಮೀಟಿಂಗ್ ಇದೆ, ತೋರಿಸಬೇಕು.

ಸೆಕೆಂಡ್ ಶಿಫ್ಟ್‌ಗೆ ನರ್ಸ್ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಫಸ್ಟ್ ಏಡ್ ರೂಮಿನ ಬೀಗದ ಕೈ ನನ್ನ ಹತ್ತಿರ ಇದೆ.